ಸುಸ್ತು

ವೈಜಾಪುರ ದಾಟಿದ ಮೇಲೆ ಚನ್ನಮ್ಮ ಮುಂದಿನ ಸೀಟಿನ ಬೆನ್ನಿಗಿದ್ದ ಕಬ್ಬಿಣದ ಸರಳಿಗೆ ನಾಲ್ಕು ಬೆರಳು ಸಿಕ್ಕಿಸಿ ಒಳಗೊಳಗೇ ಎಣಿಸತೊಡಗಿದಳು. ಏಳರವರೆಗೆ ಬಿಗಿ, ಮೂರರವರೆಗೆ ಸಡಿಲ. ಮತ್ತೆ ಏಳು, ಮತ್ತೆ ಮೂರು. ಪಕ್ಕದಲ್ಲಿ ಕೂತ ಮುದುಕಿ ಬಹಳ ಹೊತ್ತು ಇದನ್ನೇ ನೋಡಿ, ಕೈ ಜೋಮು ಹಿಡಿದಿದೆಯೇನವ್ವ ಎಂದು ಮರಾಠಿಯಲ್ಲಿ ಕೇಳಿದಳು. ಇಲ್ಲ ಎಂದಳು ಚನ್ನಮ್ಮ. ಆ ಇಲ್ಲ ಬೇಕಾದದ್ದಕ್ಕಿಂತ ಜೋರಾಗಿ ಬಂತು. ಬೆಳಗಿನಿಂದ ಬಾಯಿ ಯಾರಿಗಾದರೂ ಇಲ್ಲ ಎನ್ನಬೇಕೆಂದೇ ತಯಾರಾಗಿ ಕೂತಿತ್ತು. ಸಂಭಾಜಿನಗರದ ಕಾಲೇಜಿನ ಅಲಕಾ ಮೇಡಂಗೆ ಹೇಳಬೇಕಾದದ್ದು ಈ ಪಾಪದ ಮುದುಕಿಯ ಮೇಲೆ ಬಿತ್ತು. ಅವಳು ಚೀಲಕ್ಕೆ ಕೈಹಾಕಿ ಒಂದು ಪೇರಲ ಹಣ್ಣು ತೆಗೆದು ಮುದುಕಿಗೆ ಕೊಟ್ಟಳು. ಮುದುಕಿ ಹಣ್ಣು ಮೂಸಿ ನೋಡಿ, ಹಲ್ಲಿಲ್ಲವೆಂದು ನಕ್ಕು, ಆದರೂ ಸೆರಗಿನಲ್ಲಿ ಕಟ್ಟಿಕೊಂಡಳು. ಅದೇ ಚೀಲದಲ್ಲಿ, ರೊಟ್ಟಿ ಮತ್ತು ಶೇಂಗಾ ಹಿಂಡಿಯ ಡಬ್ಬಿಯ ಕೆಳಗೆ, ನಾಲ್ಕು ಹಾಳೆಯ ವರದಿ ಇತ್ತು. ಮೂರನೆಯ ಹಾಳೆಯಲ್ಲಿ ಒಂದು ಸಾಲಿನ ಕೆಳಗೆ ಅವಳು ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದಳು, ಎರಡು ಸಲ. ಎರಡನೆಯ ಸಲ ಹಾಳೆ ಹರಿದಿತ್ತು.

ಸಂಭಾಜಿನಗರದ ಒಂದು ಕಾಲೇಜಿನವರು ಬಂಡೆ ಹತ್ತುವವರ ಮೇಲೆ ಸಂಶೋಧನೆ ನಡೆಸಿದ್ದರು. ಮೈ ಎಲ್ಲಿ ಸೋಲುತ್ತದೆ, ಮನಸ್ಸು ಎಲ್ಲಿ ಸೋಲುತ್ತದೆ, ಎರಡರಲ್ಲಿ ಯಾವುದು ಮೊದಲು ಎಂಬುದು ಅವರಿಗೆ ಬೇಕಾಗಿತ್ತು. ಮೂವತ್ತೈದು ದಾಟಿದವರನ್ನು ಹುಡುಕಿಕೊಂಡು ನಾಸಿಕದ ಕ್ಲಬ್ಬಿಗೂ ಬಂದಿದ್ದರು. ನಲವತ್ತೊಂದು ವರ್ಷದ ಚನ್ನಮ್ಮ, ಅಂಬಡ್‌ನ ಸ್ವಿಚ್ ತಯಾರಿಸುವ ಕಾರ್ಖಾನೆಯ ಲೈನ್ ಲೀಡರ್, ಆಳಂದ ತಾಲೂಕಿನಿಂದ ಮದುವೆಯಾಗಿ ಬಂದವಳು, ಅವರ ಪಟ್ಟಿಯಲ್ಲಿ ಹದಿನೇಳನೆಯ ಕ್ರಮಾಂಕವಾದಳು. ವರದಿಯಲ್ಲಿ ಹೆಸರಿರಲಿಲ್ಲ, ಕ್ರಮಾಂಕವೇ ಇತ್ತು. ಆದರೆ ಕ್ರಮಾಂಕದ ಬಟ್ಟೆಯನ್ನು ಬೆನ್ನಿಗೆ ಪಿನ್ನು ಹಾಕಿಕೊಂಡು ಇಡೀ ದಿನ ಓಡಾಡಿದ್ದನ್ನು ಕ್ಲಬ್ಬಿನವರೆಲ್ಲ ನೋಡಿದ್ದರು. ‘ಕ್ರಮಾಂಕ ಹದಿನೇಳು: ಮುಂಗೈ ಸ್ನಾಯುಗಳಲ್ಲಿ ತೀವ್ರ ದಣಿವಿನ ಗುರುತು ಕಂಡರೂ, ಹಿಡಿತ ಬಿಡಲು ಕಾರಣ ಆಲಸ್ಯವೆಂದು ಸ್ವತಃ ಹೇಳಿದ್ದಾರೆ. ಸೋಲು ಒಪ್ಪಿಕೊಂಡಿದ್ದಾರೆ. ಮನಸ್ಸೇ ಮೊದಲು ಬಿಡುತ್ತದೆ ಎಂಬುದಕ್ಕೆ ವಿಶೇಷ ಉದಾಹರಣೆ. ಎರಡನೆಯ ಹಂತಕ್ಕೆ ಆಯ್ಕೆ ಮಾಡಲಾಗಿದೆ.’ ವರದಿ ಮರಾಠಿಯಲ್ಲಿತ್ತು. ಮೊಬೈಲಿನಲ್ಲಿ ಅದನ್ನು ಮೊದಲು ಓದಿದ್ದು ಮಗಳು ಪ್ರಿಯಾ. ಓದಿ, ತಲೆ ಎತ್ತಿ, “ಆಯೀ, ತೂ ಆಳಶೀ?” ಎಂದು ನಕ್ಕಿದ್ದಳು. ತಾಯಿ ಸೋಮಾರಿ ಎನ್ನುವುದು ಆ ಹುಡುಗಿಗೆ ಆ ವರ್ಷದ ದೊಡ್ಡ ತಮಾಷೆಯಾಗಿ ಕಂಡಿತ್ತು.

ಹಾಗಂತ ಚನ್ನಮ್ಮನೇ ಹೇಳಿದ್ದಳು. ಅದೇ ಅವಳನ್ನು ಕೊರೆಯುತ್ತಿದ್ದುದು. ನವೆಂಬರಿನ ಆ ಮಧ್ಯಾಹ್ನ ಎದೆಗೆ ಪಟ್ಟಿ ಕಟ್ಟಿದ್ದರು, ಬಲ ಮುಂಗೈಗೆ ಇನ್ನೊಂದು ಪಟ್ಟಿ. ಅದು ಚರ್ಮದ ಒಳಗೆ ಬೆಳಕು ಬಿಟ್ಟು ಸ್ನಾಯುವಿನಲ್ಲಿ ಎಷ್ಟು ಉಸಿರು ಉಳಿದಿದೆ ಎಂದು ನೋಡುತ್ತದೆ ಎಂದಿದ್ದ ತನ್ಮಯ. ಸಂಶೋಧನೆ ಮಾಡುವ ಹುಡುಗ ಅವನು, ಇಪ್ಪತ್ತೇಳರ ಸುಮಾರು, ಮಾತಿಗೊಮ್ಮೆ ತಾಈ ತಾಈ, ಅಕ್ಕ ಅಕ್ಕ, ಎನ್ನುವವನು. ಕಿವಿಯ ತುದಿಗೆ ಸೂಜಿ ಚುಚ್ಚಿ ರಕ್ತದ ಹನಿ ತೆಗೆದಿದ್ದ. ಒಂದು ಬೆರಳಗೆಣ್ಣಿನಷ್ಟೇ ಅಗಲದ ಮರದ ಪಟ್ಟಿ. ಅದಕ್ಕೆ ಏಳು ಸೆಕೆಂಡು ತೂಗಾಡುವುದು, ಮೂರು ಸೆಕೆಂಡು ಬಿಡುವು, ಮತ್ತೆ ತೂಗಾಡುವುದು, ಕೈ ಜಾರುವವರೆಗೆ. ಹತ್ತನೆಯ ಸುತ್ತಿಗೆ ಮುಂಗೈ ಬಿಗಿದು ಮರವಾಯಿತು. ಹದಿನೆಂಟಕ್ಕೆ ಬೆರಳು ತನ್ನದಲ್ಲ ಅನ್ನಿಸಿತು. ಇಪ್ಪತ್ತಮೂರರಲ್ಲಿ, ಐದು ಎಣಿಸುವಷ್ಟರಲ್ಲಿ, ಬೆರಳು ತಾವಾಗಿಯೇ ಬಿಚ್ಚಿಕೊಂಡು ಅವಳು ಚಾಪೆಯ ಮೇಲೆ ಕೂತಿದ್ದಳು. ತನ್ಮಯ ಬಾಯಿಯ ಹತ್ತಿರ ಮೊಬೈಲ್ ಹಿಡಿದು ಯಾಕೆ ಬಿಟ್ಟಿರಿ ತಾಈ ಎಂದು ಕೇಳಿದ. ಹದಿನೇಳು ವರ್ಷ ಮರಾಠಿಯಲ್ಲಿ ಬಾಳು ಮಾಡಿದವಳು, ತರಕಾರಿ ಚೌಕಾಸಿ ಮಾಡಿದವಳು, ಲೈನಿನಲ್ಲಿ ಮೂವತ್ತು ಜನರನ್ನು ಬೈದು ಕೆಲಸ ಮಾಡಿಸಿದವಳು. ಆ ಕ್ಷಣದಲ್ಲಿ ಮಾತ್ರ ಬಾಯಿಗೆ ಮರಾಠಿಯ ‘ದಮಲೆ’, ದಣಿದೆ ಎನ್ನುವ ಶಬ್ದ, ಬರಲಿಲ್ಲ. “ಸುಸ್ತ್ ಝಾಲೆ,” ಎಂದಳು. ಅವನ ಮುಖದಲ್ಲಿ ಏನೋ ಕಂಡು, ಸರಿಪಡಿಸಲು ಹೋಗಿ ಇನ್ನೊಂದು ಸೇರಿಸಿದಳು: “ಹಾತ್ ಹರಲೆ.” ಕೈ ಸೋತವು. ಊರಲ್ಲಿ ನೀರಿನ ಕೊಡ ಹೊತ್ತ ಪ್ರತಿ ಹೆಂಗಸೂ ದಿನಕ್ಕೆ ನಾಲ್ಕು ಸಲ ಅನ್ನುವ ಮಾತು. ಕೈ ಸೋತವು ಅಂದರೆ ಯಾರೂ ಯಾರಿಗೂ ಸೋತಂತಲ್ಲ, ಕೊಡ ಇಳಿಸಬೇಕು ಎಂದಷ್ಟೇ. ಮರಾಠಿಗೆ ದಾಟುವಾಗ ಅದು ಪಂದ್ಯದಲ್ಲಿ ಸೋತ ಮಾತಾಗಿತ್ತು. ಸುಸ್ತ್ ಅಂದರೆ ಅಲ್ಲಿ ಸೋಮಾರಿ. ಮೊದಲ ಶಬ್ದ ಅವಳನ್ನು ಸೋಮಾರಿ ಮಾಡಿತ್ತು, ಎರಡನೆಯದು ಸೋತವಳನ್ನಾಗಿ ಮಾಡಿತ್ತು. ಕಿವಿಯಿಂದ ತೆಗೆದ ರಕ್ತ ಏನು ಹೇಳಿತ್ತೋ ಅದನ್ನು ಯಾರೂ ನಂಬಲಿಲ್ಲ.

“ಒಂದು ಶಬ್ದದ ಸಲುವಾಗಿ ಐದು ತಾಸು ಬಸ್ಸಿನಾಗ ಕೂಡ್ತೀ?” ಬೆಳಿಗ್ಗೆ ಗಂಡ ಶಿವರಾಯ ಚಪ್ಪಲಿ ಹುಡುಕುತ್ತ ಕೇಳಿದ್ದ. ಅವನಿಗೆ ಮೊದಲ ಪಾಳಿ. “ಆಯ್ಕಿ ಆಗ್ಯಾದಂತ ಬರ್ದಾರಿಲ್ಲೊ? ಮುಂದಿನ ಹಂತಕ್ಕ ಹೋಗು, ಸರ್ಟಿಫಿಕೇಟ್ ತಗೊ, ಕ್ಲಬ್ಬಿನ ಹೊಸಾ ಹತ್ತೋ ಗೋಡಿ ಮ್ಯಾಲ ಹೆಣ್ಮಕ್ಕಳಿಗಿ ಕಲಿಸೋ ಕೆಲಸ ಹಿಡಿ. ಅವರೇನರೆ ಬರಕೊಳ್ಳಲಿ, ನಿನಗೇನಾಗಬೇಕು?”

“ನಿಮಗ ಸೋಮಾರಿ ಅಂತ ಕಾಗದದ ಮ್ಯಾಲ ಬರದು ಪ್ರಮೋಶನ್ ಕೊಟ್ರ ತಗೋತೀರೇನ್ರೀ?”

“ಕೈ ಮುಗದು ತಗೋತೀನಿ. ಮೊದಲ ಕೊಡಲಿ.” ಶಿವರಾಯ ಚಪ್ಪಲಿ ಸಿಕ್ಕ ಸಂತೋಷದಲ್ಲಿ ನಕ್ಕ. ಒಳ್ಳೆಯ ಮನುಷ್ಯ. ಹೆಂಡತಿ ಭಾನುವಾರ ಅಂಜನೇರಿಯ ಬಂಡೆಗೆ ಹೋದರೆ ಅಡಿಗೆ ಮಾಡಿ ಇಡುತ್ತಿದ್ದ, ಆದರೆ ಬಾಗಿಲು ಹಾಕಿಕೊಂಡು. ಹೊರಡುವಾಗ ಮತ್ತೆ ತಿರುಗಿ, “ಜಗಳಾ ಮಾಡಬ್ಯಾಡ. ಮಾಡಿದರ ಉಂಡು ಮಾಡು,” ಎಂದಿದ್ದ.

ಸೋಮಾರಿ ಎನ್ನುವುದಕ್ಕಲ್ಲ ಸಿಟ್ಟು ಎಂದು ಅವನಿಗೆ ಹೇಳಲು ಆಗಿರಲಿಲ್ಲ. ಕ್ಲಬ್ಬಿನವರೆಲ್ಲ ಭಾವೂ, ಅಣ್ಣ, ಎಂದು ಕರೆಯುವ ದತ್ತುವಿಗೂ ಹೇಳಲು ಆಗಿರಲಿಲ್ಲ. ಆರು ವರ್ಷದ ಹಿಂದೆ ಕಾರ್ಖಾನೆಯ ಬೆಂಕಿ ನಂದಿಸುವ ತಂಡಕ್ಕೆ ಹಗ್ಗದ ಕೆಲಸ ಕಲಿಸಲು ಬಂದವನು ದತ್ತು. ತಂಡದಲ್ಲಿ ಇಬ್ಬರು ಹೆಂಗಸರಿರಲೇಬೇಕೆಂದು ನಿಯಮವಿತ್ತು, ಯಾರೂ ಕೈ ಎತ್ತದಿದ್ದಾಗ ಚನ್ನಮ್ಮನ ಕೈ ಯಾಕೋ ಎದ್ದಿತ್ತು. ಸೀರೆಯ ಮೇಲೆ ಹಗ್ಗದ ಪಟ್ಟಿ ಬಿಗಿದುಕೊಂಡು ಗೋಡೆಯ ಅರ್ಧಕ್ಕೆ ಹೋಗಿ, ಕೆಳಗೆ ನೋಡಿ, ಇಳಿಯುವ ಬದಲು ಮೇಲಕ್ಕೇ ಹೋಗಿದ್ದಳು. ಅವತ್ತು ಕೆಳಗೆ ನಿಂತ ಗಂಡಸರ ಮುಖಗಳು ಎಷ್ಟು ಸಣ್ಣಗಿದ್ದವು ಎನ್ನುವುದು ಇನ್ನೂ ನೆನಪಿದೆ. ವರದಿ ಬಂದ ಭಾನುವಾರ ಅದೇ ದತ್ತು ಎಲ್ಲರ ಎದುರು “ಕಾಯ್ ಸುಸ್ತಬಾಯಿ, ಆಜ್ ಚಢಣಾರ್ ಕಾ?” ಎಂದ. ಏನವ್ವ ಸೋಮಾರಿ, ಇವತ್ತು ಹತ್ತುತ್ತೀಯಾ? ಪ್ರೀತಿಯಿಂದಲೇ ಕೇಳಿದ್ದು. ಆದರೆ ಆ ಹೆಸರು ಹೊಸದಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಎರಡು ಪಾಳಿ ಒಟ್ಟಿಗೆ ಮಾಡಿದ ದಿನ, ಸುಪರ್ವೈಸರ್ ಸುಧಾಕರನಿಗೆ ಅವಳು ಇದೇ ಶಬ್ದ ಹೇಳಿದ್ದಳು, ದಣಿದಿದ್ದೇನೆ ಎಂಬ ಅರ್ಥದಲ್ಲಿ. ಸುಸ್ತ್ ಇದ್ದರೆ ಮನೆಯಲ್ಲಿ ಕೂಡು ಎಂದು ಅವನು ನಕ್ಕಿದ್ದ, ಇಡೀ ಲೈನ್ ನಕ್ಕಿತ್ತು, ಹೆಸರು ಒಂದು ವರ್ಷ ಅಂಟಿಕೊಂಡಿತ್ತು. ಆಮೇಲೆ ಅವಳು ಆ ಶಬ್ದವನ್ನು ಹೊರಗೆ ಆಡಲಿಲ್ಲ. ಮನೆಯಲ್ಲಿ ಸುಸ್ತು, ಬೀದಿಯಲ್ಲಿ ದಮಲೆ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿದ್ದಳು. ಒಂದೇ ಒಂದು ಸಲ ಬೇಕೆಂದೇ ತೆಗೆದಿದ್ದಳು. ಆ ಒಂದು ಸಲದ ಬಗ್ಗೆ ಯಾರೂ ವರದಿ ಬರೆದಿಲ್ಲ.

ಬಸ್ಸು ಎಲ್ಲೋ ಎಳೆದಾಡಿ ನಿಂತಿತು. ಮುದುಕಿ ಇಳಿಯುತ್ತ ಅವಳ ಬೆರಳುಗಳನ್ನು ಒಮ್ಮೆ ಒತ್ತಿ, ಕೊಬ್ಬರಿ ಎಣ್ಣೆ ಹಚ್ಚು ಎಂದು ಹೇಳಿ ಹೋದಳು. ಬಸ್ಸು ಮತ್ತೆ ಹೊರಟು, ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ದೌಲತಾಬಾದಿನ ಗುಡ್ಡ ದೂರದಲ್ಲಿ ಎದ್ದಿತು. ಜನ ಅದರ ತುದಿಯ ಕಟ್ಟಡ ನೋಡುತ್ತಾರೆ. ಚನ್ನಮ್ಮನಿಗೆ ಕಂಡದ್ದು ಸೊಂಟ. ಹಿಂದಿನವರು ಗುಡ್ಡದ ಬುಡವನ್ನು ಸುತ್ತಲೂ ಗೋಡೆಯ ಹಾಗೆ ನೆಟ್ಟಗೆ ಕೆತ್ತಿಬಿಟ್ಟಿದ್ದಾರೆ, ಯಾರೂ ಹತ್ತಬಾರದೆಂದು, ಒಂದು ಬೆರಳೂ ಊರಬಾರದೆಂದು. ಕಲ್ಲಿಗೂ ಇಷ್ಟು ಕೆಲಸ ಮಾಡುತ್ತಾರೆ. ಶಾಲೆಯ ಪ್ರವಾಸದಲ್ಲಿ ಪ್ರಿಯಾ ಇಲ್ಲಿಗೆ ಬಂದಾಗ ಫೋಟೊ ಕಳಿಸಿದ್ದಳು. ಆ ಫೋಟೊವನ್ನು ದೊಡ್ಡದು ಮಾಡಿ ಮಾಡಿ ಚನ್ನಮ್ಮ ಒಂದು ಬಿರುಕಾದರೂ ಇದೆಯೇ ಎಂದು ಹುಡುಕಿದ್ದಳು. ಎಡಗಡೆ ಒಂದಿತ್ತು. ಮೇಲೆ ಹೋಗಿ ಎಲ್ಲೋ ಮುಗಿದುಹೋಗುತ್ತಿತ್ತು. ಆದರೂ ಇತ್ತು.

ಆ ಶಬ್ದವನ್ನು ಅವಳು ಬೇಕೆಂದೇ ಆಡಿದ್ದು ಮೂರು ವರ್ಷದ ಹಿಂದಿನ ಮೇ ತಿಂಗಳಲ್ಲಿ. ರೂಪಾ ಭಾಲ್ಕಿ ಕಡೆಯ ಹುಡುಗಿ, ಇಪ್ಪತ್ತು ತುಂಬಿರಲಿಲ್ಲ, ಸೇರಿ ಎರಡು ತಿಂಗಳಾಗಿತ್ತು. ಲೈನಿನಲ್ಲಿ ಇಬ್ಬರೇ ಕನ್ನಡದವರು. ಊಟದ ಹೊತ್ತಿನಲ್ಲಿ ಆ ಹುಡುಗಿ ಚನ್ನಮ್ಮನ ಡಬ್ಬಿಯಿಂದ ಕೇಳದೆಯೇ ರೊಟ್ಟಿ ತೆಗೆದುಕೊಳ್ಳುತ್ತಿದ್ದಳು. ಆವತ್ತು ನಾಲ್ಕು ಗಂಟೆಗೆ ಬಂದು ನಿಂತಳು, ತುಟಿ ಒಣಗಿತ್ತು. “ಅಕ್ಕಾ, ಭಾಳ ಸುಸ್ತಾಗ್ಯಾದ. ಕಣ್ಣಿಗಿ ಕತ್ತಲಿ ಬರಲತ್ತಾದ. ಸಾಹೇಬ್ರಿಗಿ ನೀವೇ ಹೇಳ್ರಿ, ನನಗ ಮರಾಠಿ ಬರಂಗಿಲ್ಲ.” ಸುಧಾಕರ ಅಲ್ಲೇ ನಿಂತಿದ್ದ. ಮೂರು ದಿನದಿಂದ ಮಾಲು ಕಡಿಮೆ ಬಿದ್ದಿತ್ತು, ಯಾರ ತಲೆಯ ಮೇಲಾದರೂ ಅದು ಕೂಡಬೇಕಿತ್ತು, ಚನ್ನಮ್ಮ ಲೀಡರ್ ಆಗಿ ಹನ್ನೊಂದೇ ದಿನವಾಗಿತ್ತು. ಏನಂತಾಳೆ ಇವಳು ಎಂದು ಅವನು ಕೇಳಿದ. “ತೀ ಸುಸ್ತ್ ಆಹೆ, ಸಾಹೇಬ್,” ಎಂದಳು ಚನ್ನಮ್ಮ. ಅವಳು ಸೋಮಾರಿ, ಸಾಹೇಬರೇ. ಸುಳ್ಳೇನು ಹೇಳಲಿಲ್ಲ, ಆ ಹುಡುಗಿ ಆಡಿದ ಶಬ್ದವನ್ನೇ ಎತ್ತಿ ಆ ಕಡೆ ಇಟ್ಟಳು. ಯಾರಾದರೂ ಕೇಳಿದರೆ ಹಾಗೆ ಹೇಳಬಹುದಿತ್ತು. ಯಾರೂ ಕೇಳಲಿಲ್ಲ. ರೂಪಾ ಏನೂ ತಿಳಿಯದೆ, ಅಕ್ಕ ತನ್ನ ಪರವಾಗಿ ಮಾತಾಡಿದಳೆಂದು ಕೃತಜ್ಞತೆಯಿಂದ ತಲೆ ಆಡಿಸಿದಳು. ಆ ತಲೆ ಆಡಿಸಿದ್ದು. ಮುಂದಿನ ಸೋಮವಾರ ಕಾಂಟ್ರಾಕ್ಟರನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಈಗ ಸಂಭಾಜಿನಗರದ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರಲ್ಲಿ ಇದ್ದಾಳೆಂದು ಬಸವ ಜಯಂತಿಯ ದಿನ ಯಾರೋ ಹೇಳಿ, ಕೇಳದೆಯೇ ನಂಬರನ್ನೂ ಕೊಟ್ಟಿದ್ದರು. ಮೊಬೈಲಿನಲ್ಲಿ ಅದನ್ನು ‘ರೂಪಾ ಭಾಲ್ಕಿ’ ಎಂದು ಹಾಕಿಕೊಂಡು, ದಿನಾ ಹೆಸರುಗಳ ನಡುವೆ ದಾಟಿ ಹೋಗುತ್ತಿದ್ದಳು.

ಸಂಭಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಎದುರಿಗೆ ನಿಂತ ಬಸ್ಸಿನ ಹಣೆಯ ಮೇಲೆ ದೊಡ್ಡ ನಾಗರಿ ಅಕ್ಷರದಲ್ಲಿ ‘ಕನ್ನಡ’ ಎಂದು ಬರೆದಿತ್ತು. ಒಂದು ಕ್ಷಣ ಅವಳಿಗೆ ಯಾರೋ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕನ್ನಡ ಕನ್ನಡ ಕನ್ನಡ ಎಂದು ಕೂಗುತ್ತಿದ್ದ. ಕನ್ನಡ ಎನ್ನುವುದು ಇದೇ ಜಿಲ್ಲೆಯ ಒಂದು ತಾಲೂಕು ಊರು. ಅವಳು ಕೇಳಿದ್ದಳು, ನೋಡಿರಲಿಲ್ಲ. ಆಗ ತಟ್ಟನೆ ನೆನಪಾಯಿತು. ಫಾರಂ ತುಂಬುವಾಗ ತನ್ಮಯ, ನೀವು ಮೂಲತಃ ಯಾವ ಕಡೆಯವರು ಎಂದು ಕೇಳಿದ್ದ. ಆಮ್ಹೀ ಕನ್ನಡ, ನಾವು ಕನ್ನಡದವರು, ಎಂದಿದ್ದಳು. ಅರೆ, ನಮ್ಮ ಮಾವಶಿ ಅಲ್ಲೇ ಇರ್ತಾಳೆ ಎಂದು ಅವನು ಖುಷಿಯಾಗಿದ್ದ. ಇವನ ಚಿಕ್ಕಮ್ಮ ಕಲಬುರಗಿ ಕಡೆ ಕೊಟ್ಟವಳಿರಬೇಕೆಂದು ಅವಳೂ ಖುಷಿಯಾಗಿ, ಊರಲ್ಲಿ ಮಳೆ ಹೇಗೆ ಎಂದೆಲ್ಲ ವಿಚಾರಿಸಿದ್ದಳು. ಅವನು ಅವಳನ್ನು ಈ ಊರಿನ ಮರಾಠಿಯವಳೆಂದೇ ಬರೆದುಕೊಂಡಿದ್ದ. ಚನ್ನಮ್ಮ ಬಿಸಿಲಲ್ಲಿ ನಿಂತು ಒಬ್ಬಳೇ ನಕ್ಕಳು. ಆಮೇಲೆ, ಗಂಡ ಹೇಳಿದಂತೆ, ಕಲ್ಲು ಬೆಂಚಿನ ಮೇಲೆ ಕೂತು ಎರಡು ರೊಟ್ಟಿ ತಿಂದಳು.

ಅಲಕಾ ಮೇಡಂ ಕುರ್ಚಿ ಎಳೆದು ಕೊಟ್ಟು, ನೀರು ತರಿಸಿದರು. ಐವತ್ತೈದರ ಹೆಂಗಸು, ಗಿಡ್ಡ ಕೂದಲು, ತನ್ಮಯನ ಗೈಡ್. ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಬಸ್ಸಿನಲ್ಲಿ ಕೂತು ಜೋಡಿಸಿಕೊಂಡ ದೊಡ್ಡ ಮಾತುಗಳೆಲ್ಲ ಬಿದ್ದುಹೋಗಿ ಚನ್ನಮ್ಮನ ಬಾಯಿಂದ ಬಂದದ್ದು ಒಂದೇ: “ನಾನು ಆ ಕನ್ನಡದವಳಲ್ಲ.” ತನ್ಮಯನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಕಿವಿ ಕೆಂಪಾಯಿತು. “ಅಂದರೆ ನೀವು ಆವತ್ತು ಮಾವಶಿಯ ಊರಿನ ಮಳೆ ಕೇಳಿದ್ದು...”

“ನಮ್ಮೂರ ಮಳೆ ಅಂತ ತಿಳಿದು ಕೇಳಿದೆ. ನೀನೂ ಚೆನ್ನಾಗಿ ಆಯಿತು ಅಂದೆಯಲ್ಲಪ್ಪ.”

ಅಲಕಾ ಮೇಡಂ ನಕ್ಕರು. ನಕ್ಕು, ಗಂಭೀರರಾಗಿ, ವರದಿಯ ಹರಿದ ಸಾಲನ್ನು ನೋಡಿದರು. ಸುಸ್ತು ಅಂದರೆ ನಮ್ಮ ಮಾತಿನಲ್ಲಿ ದಣಿವು, ಕೈ ಸೋತವು ಅಂದರೆ ಅದೂ ದಣಿವೇ ಎಂದು ಚನ್ನಮ್ಮ ಹೇಳಿದಳು. ಅದರಲ್ಲಿ ತಪ್ಪು ಹೊರಿಸುವುದಿಲ್ಲ ಮೇಡಂ, ಎತ್ತಿಗೂ ಸುಸ್ತಾಗುತ್ತದೆ, ಎತ್ತನ್ನು ಯಾರೂ ಸೋಮಾರಿ ಅನ್ನುವುದಿಲ್ಲ. ಮೇಡಂ ಹರಿದ ಹಾಳೆಯ ಅಂಚುಗಳನ್ನು ಬೆರಳಿನಿಂದ ಜೋಡಿಸಿದರು. ಕೆಟ್ಟ ಹೆಂಗಸಲ್ಲ ಎಂದು ಚನ್ನಮ್ಮನಿಗೆ ಅನ್ನಿಸಿತು. ಕೈಯಲ್ಲಿದ್ದ ಒಂದು ಚೆಂದದ ವಸ್ತು ಒಡೆದಿದೆ, ಅದನ್ನು ಅಂಟಿಸಬಹುದೇ ಎಂದು ನೋಡುತ್ತಿರುವವರ ಹಾಗಿದ್ದರು.

“ನಿಮ್ಮ ಮಾತು ಸರಿ,” ಎಂದರು ಕೊನೆಗೆ. “ಆದರೆ ದಾಖಲಾದ ಉತ್ತರವನ್ನು ಆಮೇಲೆ ತಿದ್ದುವಂತಿಲ್ಲ. ಎಲ್ಲರೂ ಮನೆಗೆ ಹೋಗಿ ಯೋಚಿಸಿ ಉತ್ತರ ಬದಲಾಯಿಸಿದರೆ ಸಂಶೋಧನೆ ಏನಾಗಬೇಕು? ಅಂಕಿಗಳ ಪಟ್ಟಿ ಇವತ್ತು ಸಂಜೆ ಮುಚ್ಚುತ್ತದೆ. ಎರಡು ದಾರಿ ಇವೆ. ಇದ್ದದ್ದು ಇದ್ದಂತೆ ಬಿಡಿ. ಎರಡನೆಯ ಹಂತಕ್ಕೆ ನೀವು ಇದ್ದೇ ಇದ್ದೀರಿ, ಹತ್ತು ದಿನ ಬಂಡೆಯ ಮೇಲೆ, ಆಮೇಲೆ ಪ್ರಮಾಣಪತ್ರ. ಇಲ್ಲವಾದರೆ ಮೊದಲಿನಿಂದ ಪರೀಕ್ಷೆ ಕೊಡಿ. ಹಳೆಯದು ಪೂರ್ತಿ ರದ್ದಾಗುತ್ತದೆ. ಆದರೆ ಆಗ ನೀವು ವಿಶೇಷ ಉದಾಹರಣೆ ಅಲ್ಲ, ಎಲ್ಲರ ಹಾಗೆ. ಎರಡನೆಯ ಹಂತಕ್ಕೆ ಬರಲು ಎಲ್ಲರಿಗೂ ಇಪ್ಪತ್ತೆರಡು ಸುತ್ತು ಪೂರ್ತಿ ಆಗಲೇಬೇಕು.”

“ನನ್ನದು ಆವತ್ತು ಇಪ್ಪತ್ತೆರಡು ಆಗಿತ್ತಲ್ಲ.”

“ಆಗ ನೀವು ಐದು ತಾಸು ಬಸ್ಸಿನಲ್ಲಿ ಬಂದಿರಲಿಲ್ಲ. ಯೋಚಿಸಿ. ಕಾಗದದಲ್ಲಿ ನಿಮ್ಮ ಹೆಸರೂ ಇಲ್ಲ, ಬರೀ ಹದಿನೇಳು. ಯಾರಿಗೆ ಗೊತ್ತಾಗುತ್ತದೆ?”

ಯಾರಿಗೆ ಗೊತ್ತಾಗುತ್ತದೆ. ಈ ಮಾತನ್ನು ಮೂರು ವರ್ಷದಿಂದ ಅವಳು ತನಗೆ ತಾನೇ ಹೇಳಿಕೊಂಡಿದ್ದಳು, ಇಷ್ಟೇ ಮೆತ್ತಗೆ, ಇಷ್ಟೇ ಕರುಣೆಯಿಂದ. ಕಿಟಕಿಯಲ್ಲಿ ಒಂದು ಪಾರಿವಾಳ ಬಂದು ಕೂತು ಕತ್ತು ತಿರುಗಿಸಿ ಹೋಯಿತು. ಹೊಸ ಗೋಡೆಯ ಕೆಳಗೆ ನಿಂತು ಹೆಣ್ಣುಮಕ್ಕಳಿಗೆ ಹಗ್ಗ ಕಟ್ಟುವುದು, ಮೇಲೆ ನೋಡು, ಕೆಳಗೆ ನೋಡಬೇಡ ಎನ್ನುವುದು. ಅದನ್ನು ಅವಳು ಎಷ್ಟೋ ಸಲ ಪಾಳಿ ಮುಗಿಸಿ ನಡೆದು ಬರುವಾಗ ಕಣ್ಣಾರೆ ಕಂಡಿದ್ದಳು, ಕೊರಳಿಗೆ ಹಾಕಿಕೊಳ್ಳುವ ಸೀಟಿಯ ಬಣ್ಣ ಸಹಿತ. ಅದು ಈಗ ಮೇಜಿನ ಮೇಲೆಯೇ ಇತ್ತು. ಕೈ ಚಾಚಿದರೆ ಸಾಕು. ಆದರೆ ಒಬ್ಬ ಹುಡುಗಿ ಕೆಳಗಿಂದ ಅಕ್ಕಾ ಸುಸ್ತಾಗ್ಯಾದ ಎಂದು ಕೂಗಿದರೆ ಆಗ ಏನನ್ನಬೇಕು? ಈ ಕಾಗದದ ಪ್ರಕಾರ ಏನನ್ನಬೇಕು?

“ಆ ಪಟ್ಟಿ ಕಟ್ಟಪ್ಪ,” ಎಂದು ಅವಳು ತನ್ಮಯನತ್ತ ಮುಂಗೈ ಚಾಚಿದಳು.

ಮರದ ಪಟ್ಟಿ ಅದೇ. ಚಾಪೆ ಅದೇ. ಸೀರೆ ಬದಲು, ಬೇಕಾದೀತೆಂದು ತಂದಿದ್ದ ಪಂಜಾಬಿ ಡ್ರೆಸ್ಸು ಹಾಕಿಕೊಂಡು, ಬೆರಳಿಗೆ ಬಿಳಿ ಪುಡಿ ಒರೆಸಿಕೊಂಡು ಅವಳು ತೂಗಿದಳು. ತನ್ಮಯ ಎಣಿಸುತ್ತಿದ್ದ. ಮೊದಲ ಹತ್ತು ಸುತ್ತು ಬಸ್ಸಿನ ಸರಳಿನ ಹಾಗೆ ಕಳೆದವು. ಹನ್ನೆರಡಕ್ಕೆ ಸೊಂಟದಲ್ಲಿ ವೈಜಾಪುರದ ರಸ್ತೆಯ ಪ್ರತಿ ಗುಂಡಿಯೂ ಎದ್ದು ಬಂತು. ಹದಿನೈದರಲ್ಲಿ ಮುಂಗೈ ಒಳಗೆ ಬಿಸಿ ಮರಳು ತುಂಬಿದಂತಾಗಿ, ಆ ಮರಳಿನ ನಡುವೆ ಎಲ್ಲೋ, ಬಿಟ್ಟುಬಿಡು ಎನ್ನುವ ದನಿ ಕೇಳಿತು. ಇದನ್ನೇ ತಾನೇ ಇವರು ಹುಡುಕುತ್ತಿರುವುದು? ಅವಳು ಅದನ್ನು ಗಮನವಿಟ್ಟು ಕೇಳಿದಳು. ಅದು ಮನಸ್ಸಿನ ದನಿಯೋ ಮೈಯದೋ ತಿಳಿಯಲಿಲ್ಲ. ಸುಧಾಕರನ ದನಿಯ ಹಾಗೂ ಇತ್ತು. ಅದಕ್ಕೆ ಉತ್ತರ ಕೊಡದೆ ತೂಗಾಡಿದಳು. ನವೆಂಬರಿನಲ್ಲಿ ಬೆರಳು ತಾನಾಗಿ ಬಿಚ್ಚಿತೋ, ತಾನು ಒಂದು ಕೂದಲೆಳೆಯಷ್ಟು ಮೊದಲೇ ಬಿಚ್ಚಿದೆನೋ ಎಂಬ ಸಂಶಯ ಇಷ್ಟು ದಿನ ಅವಳನ್ನೂ ತಿಂದಿತ್ತು. ವರದಿ ನಿಜವೇ ಇರಬಹುದೇ ಎಂದು ಪಾತ್ರೆ ತೊಳೆಯುತ್ತ ನಿಂತು ಕೈ ನೋಡಿಕೊಂಡದ್ದಿತ್ತು. ಈಗ ನೋಡಬೇಕು. ಹದಿನೆಂಟು. ರೂಪಾ ತಲೆ ಆಡಿಸಿದಳು. ಹತ್ತೊಂಬತ್ತು. ಮೇಡಂ ಕುರ್ಚಿಯಿಂದ ಎದ್ದು ಹತ್ತಿರ ಬಂದು ನಿಂತದ್ದು ಚಪ್ಪಲಿಯ ಸದ್ದಿನಿಂದ ತಿಳಿಯಿತು. ಇಪ್ಪತ್ತು. ಬಾಯಲ್ಲಿ ತುಕ್ಕಿನ ರುಚಿ. ಇಪ್ಪತ್ತೊಂದರ ಏಳನೆಯ ಎಣಿಕೆಯವರೆಗೂ ಅವಳು ತನ್ನ ಬೆರಳುಗಳನ್ನು ಕಣ್ಣು ಬಿಟ್ಟು ನೋಡಿದಳು, ಬೇರೆಯವರ ಬೆರಳನ್ನು ನೋಡುವಂತೆ. ಮೂರು ಸೆಕೆಂಡು ಬಿಡುವು. ಮತ್ತೆ ಪಟ್ಟಿ ಹಿಡಿದಳು. ಬೆರಳು ಹಿಡಿದವು, ತೂಕ ಬಿದ್ದೊಡನೆ ಒಂದೊಂದಾಗಿ, ಕಿರುಬೆರಳು ಮೊದಲು, ಆಮೇಲೆ ಉಂಗುರ ಬೆರಳು, ನಿಧಾನವಾಗಿ ನೆಟ್ಟಗಾದವು. ಅವಳು ಬೇಡ ಬೇಡ ಎನ್ನುತ್ತಿರುವಾಗಲೇ ನೆಟ್ಟಗಾದವು. ಚಾಪೆಯ ಮೇಲೆ ಬಿದ್ದಾಗ ಅವಳಿಗೆ ನಗು ಬಂತು. ಬೇಡ ಎನ್ನುತ್ತಿದ್ದದ್ದು ಮನಸ್ಸು, ಬಿಟ್ಟದ್ದು ಕೈ; ಅದನ್ನು ಅವಳು ಕಣ್ಣಾರೆ ನೋಡಿಯಾಗಿತ್ತು.

“ಇಪ್ಪತ್ತೊಂದು,” ಎಂದ ತನ್ಮಯ, ಬಹಳ ಮೆಲ್ಲಗೆ. “ತಾಈ, ಒಂದೇ ಒಂದು...”

“ಪ್ರಶ್ನೆ ಕೇಳು. ಮೊಬೈಲ್ ಹಿಡಿ.”

ಅವನು ಮೇಡಂ ಮುಖ ನೋಡಿ, ಮೊಬೈಲ್ ಹಿಡಿದ. ಯಾಕೆ ಬಿಟ್ಟಿರಿ?

“ನಾ ಬಿಡಲಿಲ್ಲ,” ಎಂದು ಚನ್ನಮ್ಮ ಕನ್ನಡದಲ್ಲಿ ಹೇಳಿದಳು, ಆ ಕೋಣೆ ತುಂಬುವಷ್ಟು ಜೋರಾಗಿ. “ಸುಸ್ತಾತು. ಕೈ ಸೋತವು.” ಆಮೇಲೆ ಮರಾಠಿಯಲ್ಲಿ, ದಮಲೆ ಎಂದು ಸೇರಿಸಿದಳು. “ಎರಡೂ ಬರಿ. ನಮ್ಮದು ಮೇಲೆ, ನಿಮ್ಮದು ಕೆಳಗೆ.”

ಕನ್ನಡ ಅಕ್ಷರ ಅವನಿಗೆ ಬರುತ್ತಿರಲಿಲ್ಲ. ಪೆನ್ನು ಅವಳ ಕೈಗೆ ಕೊಟ್ಟ. ಹೆಬ್ಬೆರಳು ಮಡಚುತ್ತಿರಲಿಲ್ಲ; ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಒಂದನೆಯ ಇಯತ್ತೆಯ ಮಗುವಿನ ಹಾಗೆ, ಕಾರಣ ಎಂಬ ಖಾನೆಯಲ್ಲಿ ಸುಸ್ತು ಎಂದು ಬರೆದಳು. ಒತ್ತಕ್ಷರ ಖಾನೆ ದಾಟಿ ಕೆಳಗಿನವರ ಸಾಲಿಗೆ ಇಳಿಯಿತು. ಕೆಳಗೆ ಸಹಿ ಮಾಡಿದಾಗ ಅದು ಯಾವ ಬ್ಯಾಂಕಿನವರೂ ಒಪ್ಪದಂತಿತ್ತು. ತನ್ಮಯ ಅದನ್ನು ಹಳೆಯ ಫಾರಮಿನ ಸಹಿಯ ಪಕ್ಕ ಹಿಡಿದು ನೋಡಿದ. “ಇದೂ ನನ್ನದೇ,” ಎಂದಳು ಚನ್ನಮ್ಮ.

ಅಲಕಾ ಮೇಡಂ ಹಾಳೆ ತೆಗೆದುಕೊಂಡು ಆ ದುಂಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. “ನನ್ನ ಒಂದು ಅಧ್ಯಾಯ ಹೋಯಿತು,” ಎಂದರು. “ನಿಮ್ಮ ಹತ್ತು ದಿನವೂ ಹೋಯಿತು. ನನಗೆ ಬೇಸರವಾಗಿದೆ.”

“ನನಗೂ ಆಗಿದೆ,” ಎಂದಳು ಚನ್ನಮ್ಮ. ನಿಜವಾಗಿಯೂ ಆಗಿತ್ತು. ಸೀಟಿಯ ಬಣ್ಣ ಇನ್ನೂ ಕಣ್ಣಲ್ಲಿತ್ತು. “ಮುಂದಿನ ವರ್ಷ ಮತ್ತೆ ನಡೆಸುತ್ತೀರಲ್ಲ, ಆಗ ಹಿಂದಿನ ದಿನವೇ ಬಂದು ಮಲಗುತ್ತೇನೆ. ಫಾರಮಿನಲ್ಲಿ ಭಾಷೆಗೆ ಒಂದು ಖಾನೆ, ಊರಿಗೆ ಒಂದು ಖಾನೆ ಮಾಡಿ ಮೇಡಂ. ಈ ಕಡೆ ನಮ್ಮಂಥವರು ಬಹಳ ಇದ್ದಾರೆ.” ಮೇಡಂ ಅದನ್ನು ಬರೆದುಕೊಂಡರು. ನೀರಿನ ಬಾಟಲಿಯ ಮುಚ್ಚಳ ತೆರೆಯಲು ಅವಳಿಗೆ ಆಗಲಿಲ್ಲ, ತನ್ಮಯ ತೆರೆದುಕೊಟ್ಟ. ಬಾಗಿಲವರೆಗೆ ಬಂದು, ನಾಸಿಕದ ಬಸ್ಸು ಅರ್ಧ ಗಂಟೆಗಿದೆ, ಬೈಕಿನಲ್ಲಿ ಬಿಡಲೇ ಎಂದ.

“ಬಿಡಕಿನ್‌ಗೆ ಎಲ್ಲಿಂದ ಸಿಗ್ತದೆ?” ಎಂದು ಅವಳು ಕೇಳಿದಳು.

ಪೈಠಣಕ್ಕೆ ಹೋಗುವ ಬಸ್ಸು. ಜನ ತುಂಬಿತ್ತು, ಮೇಲಿನ ಸರಳನ್ನು ಹಿಡಿಯಲು ಬೆರಳು ಒಪ್ಪದೆ ಮೊಣಕೈಯನ್ನೇ ಅದಕ್ಕೆ ಸಿಕ್ಕಿಸಿ ನಿಂತಳು. ಯಾರೋ ಎದ್ದು ಜಾಗ ಕೊಟ್ಟರು. ಕೂತು, ಮೊಬೈಲನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಬೆರಳಿನ ಗೆಣ್ಣಿನಿಂದ ಹೆಸರುಗಳನ್ನು ಮೇಲೆ ಸರಿಸಿದಳು. ದಾಟಿ ಹೋಗುವ ರೂಢಿಯಿಂದ ಒಮ್ಮೆ ದಾಟಿಯೇ ಹೋಗಿ ಮತ್ತೆ ಹಿಂದೆ ಬಂದಳು. ಆ ಕಡೆ ಬಹಳ ಹೊತ್ತು ಗಂಟೆ ಹೊಡೆಯಿತು.

“ಹಾಂ, ಕೋಣ್ ಬೋಲ್ತಂಯ್?” ಯಾರು ಮಾತಾಡುವುದು ಎಂದು ಆ ದನಿ ಕೇಳಿತು. ಮರಾಠಿ ಈಗ ಬಹಳ ಚೆನ್ನಾಗಿ ಬರುತ್ತಿತ್ತು ಆ ಹುಡುಗಿಗೆ.

“ನಾ ಚನ್ನಮ್ಮ. ಅಂಬಡ್‌ದಾಕಿ.”

ಯಂತ್ರದ ಸದ್ದು ಕೇಳಿಸುತ್ತಿತ್ತು. ಚನ್ನಮ್ಮ ಕ್ಷೇಮ ಕೇಳಲಿಲ್ಲ, ಊಟ ಆಯ್ತೇನೆಂದು ಕೇಳಲಿಲ್ಲ. ಆ ಮಾತುಗಳು ಬಂದರೆ ಇದು ಹಿಂದೆ ಸರಿಯುತ್ತದೆಂದು ಅವಳಿಗೆ ಗೊತ್ತಿತ್ತು.

“ರೂಪಾ, ಅವತ್ತ ನಿನಗ ಸುಸ್ತಾಗಿತ್ತು,” ಎಂದಳು. “ಸುಸ್ತು. ನೀ ಹೇಳಿದ್ದು ಖರೇ ಇತ್ತು. ಅದನ್ನ ನಾ ಸಾಹೇಬಗ ಬ್ಯಾರೆ ಹೇಳಿದೆ.”

ಆ ಹುಡುಗಿ ಕನ್ನಡಕ್ಕೆ ಬಂದಳು. “ನನಗ ಮರಾಠಿ ಬಂದ ಮ್ಯಾಲ ಗೊತ್ತಾತು ಅಕ್ಕಾ, ನೀವೇನಂದಿದ್ರಿ ಅಂತ. ನಾ ಅನಕೊಂಡಿದ್ದೆ, ನಿಮಗೂ ಗೊತ್ತಿರ್ಲಿಕ್ಕಿಲ್ಲ, ತಪ್ಪಿ ಅಂದಿರಬೇಕಂತ.” ಆಮೇಲೆ, ಒಂದು ಬಾಗಿಲು ಸ್ವಲ್ಪವೇ ತೆರೆದಿಟ್ಟ ಹಾಗೆ ಕೇಳಿದಳು: “ನಿಮಗೂ ಈಗೇ ಗೊತ್ತಾತೇನ್ರೀ?”

ಹೌದು ಎಂದರೆ ಮುಗಿದುಹೋಗುತ್ತಿತ್ತು. ಒಂದೇ ಶಬ್ದ. ಕೂರಲು ಹಾಸಿದ ಚಾಪೆಯ ಹಾಗೆ ಆ ಶಬ್ದ ಕೆಳಗೆ ಕಾದಿತ್ತು. ಮೊಬೈಲು ಅಂಗೈಯಿಂದ ಜಾರುತ್ತಿತ್ತು. ಮಡಚದ ಬೆರಳುಗಳನ್ನು ಒಂದರ ಮೇಲೊಂದು ಒತ್ತಿ ಚನ್ನಮ್ಮ ಅದನ್ನು ಕಿವಿಗೆ ಹಿಡಿದಳು.

“ಇಲ್ಲ,” ಎಂದಳು. “ಅವತ್ತೇ ಗೊತ್ತಿತ್ತು.”

ಆ ಕಡೆ ಯಂತ್ರ ನಿಂತಿತು. ಪಾಳಿ ಬಿಟ್ಟಿರಬೇಕು.

“ನಾ ಬಸ್ಸಿನಾಗಿದ್ದೀನಿ. ಅರ್ಧಾ ತಾಸಿಗಿ ನಿಮ್ಮ ಗೇಟಿನ ಮುಂದ ಬರ್ತೀನಿ. ಬೈಯೋದಿದ್ರ ಬೈಯಿ, ಎಲ್ಲಾರ ಮುಂದ ಬೈಯಿ. ನಿನಗ ತಿಳದ ಭಾಷಾದಾಗ ಬೈಯಿ. ನಿಂತು ಕೇಳ್ತೀನಿ.”

ರೂಪಾ ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ಫೋನು ಇಟ್ಟಳೋ, ಸಂಪರ್ಕ ತಾನೇ ಕಡಿಯಿತೋ ತಿಳಿಯಲಿಲ್ಲ. ಚನ್ನಮ್ಮ ಮೊಬೈಲನ್ನು ಚೀಲಕ್ಕೆ ಹಾಕಿ, ಡಬ್ಬಿಯಲ್ಲಿ ಇನ್ನೂ ಮೂರು ರೊಟ್ಟಿ ಉಳಿದಿವೆಯೆಂದು ಮುಟ್ಟಿ ನೋಡಿಕೊಂಡು, ಬಿಡಕಿನ್ ಬಂದಾಗ ಹೇಳಬೇಕೆಂದು ಕಂಡಕ್ಟರನಿಗೆ ಎರಡನೆಯ ಸಲ ಕೂಗಿ ಹೇಳಿದಳು.